ಗಾರೆ ಅರೆಯುವ ಚೌಡಿ ಬಿಡಿಸಿದ ಮೂರು ಒಗಟು

"ಕಲ್ಲಾವರದ ಜನರೇ, ಕೇಳಿ. ದೊರೆ ಗಂಡರಸರು ಮೂರು ಒಗಟು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವರಿಗೆ ಕೋಟೆ ಕೆಲಸದ ಪಾರುಪತ್ಯ, ಜೊತೆಗೆ ಬೇಡಿದ ಒಂದು ವರ. ಒಂದರಲ್ಲಿ ತಪ್ಪಿದರೂ ತಲೆದಂಡ."

ಇಷ್ಟು ಸಾರಿ ಡಂಗುರದವನು ಮುಂದಿನ ಬೀದಿಗೆ ಹೋದ. ಏಳು ವರ್ಷದಿಂದ ಏಳುತ್ತಿದ್ದ ಆ ಕೋಟೆಯ ವಿಷಯದಲ್ಲಿ ಬಾಯಿ ಬಿಡಲು ಊರೇ ಹೆದರುತ್ತಿತ್ತು. ಅಲ್ಲಿ ಸಾವಿರ ಜನರಿಗೆ ಕೆಲಸವಿತ್ತು. ಆದರೆ ದಿನವೂ ಬೆಳಿಗ್ಗೆ ಮೂಡಣ ಬಾಗಿಲಿಗೆ ಎರಡು ಸಾವಿರ ಜನ ಬಂದು ನಿಲ್ಲುತ್ತಿದ್ದರು. ಮೇಸ್ತ್ರಿ ಕೋಲಿನಿಂದ ತೋರಿಸಿದವರು ಒಳಗೆ, ಉಳಿದವರು ಹೊರಗೆ. ನಿನ್ನೆ ಒಳಗಿದ್ದವನಿಗೆ ಇವತ್ತಿನ ಖಾತ್ರಿ ಇರಲಿಲ್ಲ.

ಮೊದಲು ಬಂದವನು ಪರದೇಶದ ಪಂಡಿತ. ದೊರೆ ತುಂಬಿದ ಸಭೆಯಲ್ಲಿ ಮೂರೂ ಒಗಟುಗಳನ್ನು ಒಂದೇ ದನಿಯಲ್ಲಿ ಹೇಳಿದ. "ಒಬ್ಬನ ಬಳಿ ಒಂದು ವಸ್ತುವಿದೆ. ಹತ್ತು ಜನರಿಗೆ ಕೊಟ್ಟರೂ ಅದು ಸವೆಯುವುದಿಲ್ಲ. ಆದರೂ ಕೊಡಲು ಅವನು ನಡುಗುತ್ತಾನೆ. ಅದೇನು? ಇಬ್ಬರು ಒಂದೇ ಕಲ್ಲು ಒಡೆಯುತ್ತಾರೆ. ಒಬ್ಬನಿಗೆ ಸಂಜೆ ಒಂದು ಸೇರು ರಾಗಿ, ಇನ್ನೊಬ್ಬನಿಗೆ ಎರಡು. ಒಂದು ಸೇರಿನವನು ನಿಶ್ಚಿಂತೆಯಿಂದ ಉಣ್ಣುತ್ತಾನೆ, ಎರಡು ಸೇರಿನವನಿಗೆ ತುತ್ತು ಇಳಿಯುವುದಿಲ್ಲ. ಅವನಿಗೆ ಇಲ್ಲದ್ದು ಏನು? ಸಾವಿರ ಜನ ನನಗಾಗಿ ದಿನವೂ ದುಡಿಯುತ್ತಾರೆ. ನಾನು ಅವರಿಗೆ ಕೂಲಿ ಕೊಟ್ಟಿಲ್ಲ, ಅವರು ಒಂದು ಕಲ್ಲೂ ಎತ್ತಿಲ್ಲ. ಅವರು ಯಾರು?"

ಮೊದಲನೆಯದು ವಿದ್ಯೆ ಎಂದ ಪಂಡಿತ. ವಿದ್ಯೆ ಹೇಳಿಕೊಡಲು ನೀನು ಎಂದಾದರೂ ನಡುಗಿದ್ದೀಯಾ ಎಂದು ದೊರೆ ಕೇಳಿದ. ಇಲ್ಲ ಎನ್ನುವುದನ್ನು ಬಿಟ್ಟು ಪಂಡಿತನಿಗೆ ದಾರಿಯಿರಲಿಲ್ಲ. ಅವನನ್ನು ತಲೆದಂಡಕ್ಕೆ ಪಡುವಣ ಬಾಗಿಲಿನಿಂದ ಕರೆದೊಯ್ದರು. ಎರಡನೆಯ ದಿನ ಬಂದ ಜವಳಿ ವ್ಯಾಪಾರಿ ಎರಡನೆಯ ಒಗಟನ್ನೇ ಮೊದಲು ಎತ್ತಿಕೊಂಡು, ಎರಡು ಸೇರಿನವನಿಗೆ ಇಲ್ಲದ್ದು ತೃಪ್ತಿ ಎಂದು ತಪ್ಪಿದ. ಮೂರನೆಯ ದಿನ ದಳವಾಯಿಯ ಮಗ ಕೊನೆಯ ಒಗಟಿನಿಂದ ಶುರುಮಾಡಿ, ಕಲ್ಲೆತ್ತದೆ ದುಡಿಯುವವರು ದೇವತೆಗಳು ಎಂದ. ದಳವಾಯಿ ಸಭೆಯಲ್ಲೇ ಕೂತಿದ್ದ. ಮಗನನ್ನು ಕರೆದೊಯ್ಯುವಾಗಲೂ ತಲೆ ಎತ್ತಲಿಲ್ಲ.

ಆಮೇಲೆ ಯಾರೂ ಬರಲಿಲ್ಲ. ಯಾರೂ ಬಾರದಿದ್ದರೆ ಮೂಡಣ ಬಾಗಿಲಲ್ಲಿ ನಿಂತವರೊಳಗಿಂದಲೇ ದಿನಕ್ಕೊಬ್ಬರನ್ನು ಎಳೆದು ತನ್ನಿ ಎಂದು ದೊರೆ ಅಪ್ಪಣೆ ಮಾಡಿದ.

ಭಟರು ಮೊದಲು ಹಿಡಿದದ್ದು ದ್ಯಾವಪ್ಪನ ತೋಳನ್ನು. ನೀರು ಜಿನುಗದ ಗಾರೆ ಕಲೆಸುವ ಹದ ಒಂದು ಕಾಲಕ್ಕೆ ಇಡೀ ನಾಡಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಹಿಂದಿನ ವರ್ಷ ದೊರೆಯ ಅಪ್ಪಣೆಯಂತೆ ಹತ್ತು ಜನರಿಗೆ ಕಲಿಸಿದ. ಅವರು ಕಲಿತ ಮರುದಿನವೇ ಮೇಸ್ತ್ರಿಯ ಕೋಲು ಅವನನ್ನು ದಾಟಿ ಹೋಯಿತು. ಅಂದಿನಿಂದ ಅವನಿಗೆ ಮಾತು ಕಡಿಮೆಯಾಗಿತ್ತು. ಭಟರು ಎಳೆದರೂ ಸುಮ್ಮನೆ ನಡೆದ.

ಪಕ್ಕದಲ್ಲಿದ್ದ ಮಗಳು ಚೌಡಿ ಭಟರಿಗೆ ಅಡ್ಡ ನಿಂತಳು. ಒಳಗೆ ಕರೆದ ದಿನ ಗಾರೆ ಅರೆದು, ಕರೆಯದ ದಿನ ಹೊರಗೆ ಕಾದು ಬೆಳೆದವಳು. "ಅಪ್ಪನ ಬದಲು ನಾನು ಬರ್ತೀನಿ," ಎಂದಳು. ಭಟರಿಗೆ ಒಂದು ತಲೆ ಸಾಕಾಗಿತ್ತು.

ಸಭೆಯಲ್ಲಿ ಅವಳು ದೊರೆಯ ಎದುರು ಬಂದು ನಿಂತಳು. ಒಗಟು ಮತ್ತೆ ಹೇಳಬೇಕೇ ಎಂದು ದೊರೆ ಕೇಳಿದ. ಬೇಡ, ಬಾಗಿಲ ಹೊರಗೆ ಎಲ್ಲರ ಬಾಯಲ್ಲೂ ಅವೇ ಇವೆ ಎಂದಳು.

"ಮೊದಲನೆಯದು ಕೈಕಸುಬು, ಒಡೆಯ. ಕಲಿಸಿದರೆ ಸವೆಯೋದಿಲ್ಲ. ಆದರೆ ಕಲಿತವನು ನಾಳೆ ಕಡಿಮೆ ಕೂಲಿಗೆ ನನ್ನ ಜಾಗದಲ್ಲಿ ನಿಲ್ತಾನೆ. ಅದಕ್ಕೇ ನಡುಕ. ಎರಡನೆಯದರಲ್ಲಿ, ಎರಡು ಸೇರಿನವನಿಗೆ ಇಲ್ಲದ್ದು ನಾಳೆ. ಒಂದು ಸೇರಿನವನಿಗೆ ವರ್ಷವಿಡೀ ಕೆಲಸ ಅಂತ ಮಾತು ಸಿಕ್ಕಿದೆ. ಎರಡು ಸೇರಿನವನಿಗೆ ಸಿಕ್ಕಿದ್ದು ಈ ಹೊತ್ತಿನದು ಮಾತ್ರ. ಅದನ್ನು ಉಂಡರೆ ನಾಳೆಗೇನು ಅಂತ ಕೈ ತಡೆಯುತ್ತೆ."

ದೊರೆ ಮುಂದಕ್ಕೆ ಬಾಗಿದ. "ಮೂರನೆಯದು?"

"ಅದು ನಾವೇ. ಬಾಗಿಲ ಹೊರಗೆ ನಿಂತವರು. ಒಳಗಿನವರು ಬೆನ್ನು ನೆಟ್ಟಗೆ ಮಾಡಿದಾಗೆಲ್ಲ ನಾವು ಕಾಣ್ತೀವಿ. ನಮ್ಮನ್ನು ನೋಡಿ ಅವರು ಮತ್ತೆ ಬಗ್ತಾರೆ, ಕೂಲಿ ಹೆಚ್ಚಿಸಿ ಅನ್ನೋದಿಲ್ಲ. ನಾವು ಒಂದು ಕಲ್ಲೂ ಎತ್ತದೆ ನಿಮಗೆ ದುಡಿದುಕೊಟ್ಟಿದ್ದೀವಿ."

ದೊರೆ ಎದ್ದು ನಿಂತ. "ಮೂರೂ ಸರಿ. ಈ ಮೂರನ್ನು ತಿಳಿದೇ ನಾನು ಆಳುತ್ತಿದ್ದೇನೆ. ಇನ್ನು ಯಾರಿಗೆ ತಿಳಿದಿದೆ ಎಂದು ನೋಡಬೇಕಿತ್ತು."

ಅವನ ಕೈ ಕತ್ತಿಯ ಹಿಡಿಯ ಮೇಲಿತ್ತು. ಆದರೆ ಡಂಗುರ ಬೀದಿಬೀದಿಯಲ್ಲಿ ಸಾರಿಯಾಗಿತ್ತು. ಬಾಗಿಲು ಕಾಯುವ ಭಟರ ಅಣ್ಣತಮ್ಮಂದಿರೂ ಹೊರಗೆ ನಿಂತವರಲ್ಲಿದ್ದರು. ಭಟರು ದೊರೆಯನ್ನೇ ನೋಡುತ್ತಿದ್ದರು. ವರ ಕೇಳು ಎಂದ ದೊರೆ.

ಎರಡು ಸಾವಿರ ಜನರ ಹೆಸರೂ ಬರೆಸಬೇಕು ಎಂದಳು ಚೌಡಿ. ಅರ್ಧ ಜನ ಆರು ತಿಂಗಳು, ಉಳಿದರ್ಧ ಆರು ತಿಂಗಳು. ತನ್ನ ತಿಂಗಳು ಯಾವುವೆಂದು ಪ್ರತಿಯೊಬ್ಬರಿಗೂ ವರ್ಷದ ಮೊದಲೇ ಗೊತ್ತಿರಬೇಕು. ಮಿಕ್ಕ ತಿಂಗಳಲ್ಲಿ ಅವರು ಹೊಲಕ್ಕೋ ಬೇರೆ ಊರಿಗೋ ಹೋಗಿ ದುಡಿಯಲಿ. ಬಾಗಿಲಲ್ಲಿ ಯಾರೂ ಕಾಯಬಾರದು.

"ಹೊರಗೆ ಯಾರೂ ಇಲ್ಲದ ದಿನ ಒಳಗಿನವರು ಹೆಚ್ಚು ಕೂಲಿ ಕೇಳಿದರೆ?"

"ಆಗ ಒಡೆಯರು ಅವರ ಜೊತೆ ಮಾತಾಡಬೇಕಾಗುತ್ತೆ."

ದೊರೆ ವರ ಕೊಟ್ಟ. ನಿನ್ನ ಮುಖವನ್ನು ನಾನು ಮರೆಯುವುದಿಲ್ಲ ಎಂದೂ ಹೇಳಿದ. ಚೌಡಿ ಅದನ್ನು ಕೇಳಿಸಿಕೊಂಡೇ ಹೊರಗೆ ಬಂದಳು.

ಮರುದಿನ ಕರಣಿಕ ಹೆಸರು ಬರೆಯಲು ಕೂತ. ಮೊದಮೊದಲು ಜನ ಹತ್ತಿರ ಬರಲಿಲ್ಲ. ಹೆಸರು ಕೊಟ್ಟವರ ತಲೆಯನ್ನೇ ಮುಂದೆ ಕೇಳಿದರೆ ಎಂಬ ಭಯ. ದ್ಯಾವಪ್ಪ ಹೋಗಿ ಬರೆಸಿದ ಮೇಲೆ ಒಬ್ಬೊಬ್ಬರಾಗಿ ಬಂದರು. ಪಾರುಪತ್ಯಗಾರ್ತಿಯ ತಿಂಗಳು ಯಾವುವೆಂದು ಕರಣಿಕ ಕೇಳಿದಾಗ, ಎಲ್ಲರದೂ ಆದ ಮೇಲೆ ಉಳಿದದ್ದನ್ನು ಬರೀರಿ ಎಂದಳು ಚೌಡಿ.

ಆ ಸುಗ್ಗಿಯಲ್ಲಿ ಗಾರೆಯವರು ಒಂದು ದಿನ ಅರೆಯುವ ಗುಂಡು ಕೆಳಗಿಟ್ಟರು. ಮೇಸ್ತ್ರಿ ಬಾಗಿಲ ಹೊರಗೆ ಓಡಿಹೋಗಿ ನೋಡಿ ಬರಿಗೈಯಲ್ಲಿ ವಾಪಸು ಬಂದ. ಮಧ್ಯಾಹ್ನದ ಹೊತ್ತಿಗೆ ಗಂಡರಸ ತಾನೇ ಇಳಿದು ಬಂದ. ಸುಣ್ಣದ ಧೂಳಿನಲ್ಲಿ ಅವರ ಎದುರು ನಿಂತು, ನಿಮಗೆ ಎಷ್ಟು ಬೇಕು ಎಂದು ಕೇಳಿದ.