ಬೋರಲು ಹಾಕಿದ ಕರಟ

"ಬುದ್ಧಿ, ಹತ್ತು ಜನ ಇರುವ ಕಡೆ ಕರುಳು ಇರುವವನು ಒಬ್ಬನೇ ಏಕೆ ಆಗುತ್ತಾನೆ?"

ಗುರುಗಳನ್ನು ಹೀಗೆ ಕೇಳಿದವನು ಗುರುಪಾದ, ಮಠದ ಶಿಷ್ಯರಲ್ಲಿ ಒಬ್ಬ. ಅವನ ಕೈಯಲ್ಲಿ ಕಷಾಯದ ಲೋಟ ಇತ್ತು. ಗುರುಗಳಿಗೆ ಎಂಟು ದಿನದಿಂದ ಕೆಮ್ಮು. ಇವತ್ತಂತೂ ಮಧ್ಯಾಹ್ನದ ಪ್ರಸಾದವನ್ನೂ ಅವರು ಮುಟ್ಟಿರಲಿಲ್ಲ. ಅದನ್ನು ಕಂಡು ಹೆದರಿ ಅವನು ಕಷಾಯಕ್ಕೆ ಮೆಣಸನ್ನು ಎರಡರಷ್ಟು ಹಾಕಿ ಕುದಿಸಿ ತಂದಿದ್ದ. ಬರುವ ದಾರಿಯಲ್ಲಿ ಉಳಿದ ಶಿಷ್ಯರು ಅಂಗಳದಲ್ಲಿ ಹೂ ಕಟ್ಟುತ್ತ ಕೂತಿದ್ದರು. ಒಬ್ಬನೂ ತಲೆ ಎತ್ತಿ, ಗುರುಗಳು ಹೇಗಿದ್ದಾರೆ ಎಂದು ಕೇಳಲಿಲ್ಲ. ಅವನಿಗೆ ಮೈ ಉರಿದುಹೋಗಿತ್ತು.

"ಯಾರ ಮೇಲಪ್ಪ ಕೋಪ?" ಎಂದರು ಗುರುಗಳು.

"ಕೋಪ ಅಲ್ಲ ಬುದ್ಧಿ, ಸಂಕಟ. ತಮಗೆ ಹುಷಾರಿಲ್ಲ ಅನ್ನೋದು ಇಲ್ಲಿ ಯಾರಿಗೂ ನೆನಪೇ ಇಲ್ಲ. ನಾನೊಬ್ಬ ಇಲ್ಲದೆ ಹೋಗಿದ್ದರೆ..." ಎಂದ.

ಗುರುಗಳು ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟರು. ಹೊಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡು, "ಕೂತುಕೋ, ಒಂದು ನಾಯಿಯ ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ಗಾಣಿಗ ಇದ್ದ. ಕೊಬ್ಬರಿ ಅರೆದು ಎಣ್ಣೆ ತೆಗೆಯುವುದು ಅವನ ಕಸುಬು. ಮನೆಯಲ್ಲಿ ಹೆಂಡತಿ, ಮುದಿ ತಾಯಿ, ಗಾಣಕ್ಕೆ ಕೈಜೋಡಿಸುವ ತಮ್ಮ, ಮತ್ತೆ ಒಬ್ಬಳೇ ಮಗಳು. ಆ ಮಗಳಿಗೊಂದು ನಾಯಿ. ಕೆಂಪು ಮೈಯದು, ಕೆಂಚ ಅಂತ ಹೆಸರು. ಕಣ್ಣು ಬಿಡದ ಮರಿಯಾಗಿದ್ದಾಗ ಕೊಬ್ಬರಿ ಚೀಲಗಳ ಸಂದಿಯಲ್ಲಿ ಅವಳಿಗೆ ಸಿಕ್ಕಿತ್ತು. ಅವಳ ಬೆರಳು ಚೀಪಿಯೇ ಬೆಳೆದದ್ದು ಅಂದರೂ ತಪ್ಪಲ್ಲ.

ಆ ವರ್ಷ ಬೇಸಿಗೆ ಕೆಟ್ಟದಾಗಿತ್ತು. ಕೆಂಚನ ಚರ್ಮ ಒಣಗಿ ಹೊಟ್ಟು ಉದುರತೊಡಗಿತು. ಬೆನ್ನ ಮೇಲೆ ಅಲ್ಲಲ್ಲಿ ಕೂದಲು ಹೋಯಿತು. ಕಾದ ನೆಲದಲ್ಲಿ ತಿರುಗಿ ಪಾದಗಳು ಬಿರಿದವು. ಮಗಳು ದಿನಾ ಬೆಳಿಗ್ಗೆ ಅಂಗೈಗೆ ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆ ಹಾಕಿಕೊಂಡು, ಎರಡೂ ಕೈ ಉಜ್ಜಿ, ಅದರ ಬೆನ್ನಿಗೂ ಪಾದಕ್ಕೂ ಸವರುವಳು. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಒರೆಸಿ, ಒಂದು ಹಿಡಿ ತೆಂಗಿನ ನಾರು ತೆಗೆದುಕೊಂಡು ಕೂದಲು ಬಾಚುವಳು. ನಾಯಿ ಕಣ್ಣು ಮುಚ್ಚಿಕೊಂಡು ನಿಲ್ಲುವುದು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವವನು ದಡ್ಡ ಅಂತ ಗಾದೆ ಇದೆಯಲ್ಲ, ಆ ಗಾದೆ ಕಟ್ಟಿದವನು ಕೆಂಚನನ್ನು ನೋಡಿರಲಿಲ್ಲ.

ವೈಶಾಖದಲ್ಲಿ ಮಗಳ ಮದುವೆಯಾಯಿತು. ಗಂಡನ ಮನೆಗೆ ಹೊರಡುವ ದಿನ ಅವಳು ಅಪ್ಪನನ್ನು ಗಾಣದ ಹಿಂದಕ್ಕೆ ಕರೆದಳು. "ಅಪ್ಪಾ, ಕೆಂಚ ಇನ್ನು ನಿನ್ನ ಕೈಲಿ. ಎಣ್ಣೆ ಸವರೋದು ಒಂದು ದಿನವೂ ತಪ್ಪಿಸಬೇಡ. ಆಷಾಢಕ್ಕೆ ಬರ್ತೀನಲ್ಲ, ಅಷ್ಟರಲ್ಲಿ ಬೆನ್ನ ಮೇಲೆ ಕೂದಲು ಬಂದಿರಬೇಕು" ಎಂದಳು. ಗಾಣಿಗ ಬರೀ ತಲೆಯಾಡಿಸಿದ.

ಮಾರನೆಯ ದಿನದಿಂದ ಅವನು ಗಾಣಕ್ಕೆ ಎತ್ತು ಕಟ್ಟುವ ಮೊದಲು ನಾಯಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಎಣ್ಣೆ ಹಚ್ಚತೊಡಗಿದ. ಯಾರ ಕಣ್ಣಿಗೂ ಬೀಳದ ಹಾಗೆ ಹಚ್ಚುವನು. ಮೀಸೆ ಹೊತ್ತ ಗಂಡಸು ನಾಯಿಯ ತಲೆ ಬಾಚುತ್ತ ಕೂತರೆ ನೋಡಿದವರು ನಗುವುದಿಲ್ಲವೇ? ಅದಕ್ಕಿಂತ ಹೆಚ್ಚಾಗಿ, ಆ ಮೈ ಮುಟ್ಟಿದರೆ ಸಾಕು, ಅವನಿಗೆ ಮಗಳ ನೆನಪು ಬಂದು ಕಣ್ಣು ತುಂಬುತ್ತಿತ್ತು. ಅದನ್ನು ಮನೆಯವರಿಗೆ ತೋರಿಸಲು ನಾಚಿಕೆ. ಮಗಳು ಹಚ್ಚುತ್ತಿದ್ದದ್ದು ನಾಲ್ಕು ತೊಟ್ಟು. ಇವನದು ಗಾಣಿಗನ ಕೈ, ಎಣ್ಣೆಗೇನು ಬರ? ಒಂದು ಬೊಗಸೆ ಬಳಿಯುವನು. ಒರೆಸಲು ಪುರುಸೊತ್ತಿಲ್ಲ, ಎತ್ತು ಕಾಯುತ್ತಿರುತ್ತದೆ.

ಹದಿನೈದು ದಿನ ಕಳೆಯಿತು. ನಾಯಿ ಸೊರಗತೊಡಗಿತು. ಅನ್ನ ಮೂಸಿ ಬಿಡುವುದು. ಹೊಟ್ಟೆ ಕೆಟ್ಟು ಮತ್ತೆ ಮತ್ತೆ ಹಿತ್ತಲಿಗೆ ಓಡುವುದು. ಕೂದಲೆಲ್ಲ ಅಂಟಂಟು, ಅದಕ್ಕೆ ಧೂಳು ಮೆತ್ತಿ ಕೆಟ್ಟ ವಾಸನೆ. ಗಾಣಿಗ ತಾನು ಹಚ್ಚುವುದು ಸಾಲದೆಂದು ಬೊಗಸೆಯನ್ನು ಎರಡು ಮಾಡಿದ.

ನಾಯಿಯ ಮೈ ಯಾವಾಗ ನೋಡಿದರೂ ಎಣ್ಣೆಯಲ್ಲಿ ಅದ್ದಿದ ಹಾಗೆ ಇರುತ್ತಿತ್ತು. ಬೇರೆ ಮನೆಯಾಗಿದ್ದರೆ ಯಾರಾದರೂ ಇದೇನು ಅನ್ನುತ್ತಿದ್ದರು. ಗಾಣದ ಮನೆಯಲ್ಲಿ ಜಿಡ್ಡಿಲ್ಲದ್ದು ಯಾವುದಿದೆ ಹೇಳು. ಬಾಗಿಲ ಚಿಲಕ ಜಿಡ್ಡು, ಎತ್ತಿನ ಬಾಲ ಜಿಡ್ಡು, ಅಜ್ಜಿಯ ಊರುಗೋಲು ಜಿಡ್ಡು. ಬೆಳಿಗ್ಗೆ ತಾನು ಹಚ್ಚಿದ್ದೇ ಸಂಜೆಯವರೆಗೂ ನಿಂತಿದೆ ಎಂದುಕೊಂಡು ಅವನು ಸುಮ್ಮನಾದ.

ಸುಮ್ಮನಾಗದೆ ಇದ್ದದ್ದು ಅವನ ಮನಸ್ಸು. ಅದು ಮನೆಯವರ ಮೇಲೆ ತಿರುಗಿತು. ಒಂದು ದಿನ ಹೆಂಡತಿ ನಾಯಿಯನ್ನು ಅಡುಗೆಮನೆಯಿಂದ "ಆಚೆ ನಡಿ" ಎಂದು ಗದರಿದ್ದು ಕೇಳಿಸಿತು. ಹೆತ್ತ ಮಗಳ ನಾಯಿ, ಇವಳಿಗೆ ಅಷ್ಟೂ ಕರುಣೆಯಿಲ್ಲ ಅಂದುಕೊಂಡ. ತಮ್ಮ ಬಿಡುವಿನಲ್ಲಿ ಕಂಬಕ್ಕೆ ಒರಗಿ ಬೀಡಿ ಸೇದುತ್ತ ಕೂರುವನು. ಪಕ್ಕದಲ್ಲೇ ನಾಯಿ ನರಳುತ್ತ ಮಲಗಿದ್ದರೂ ಅತ್ತ ನೋಡುವುದಿಲ್ಲ. ಇವನದು ಕರುಳೋ ಕಲ್ಲೋ ಅಂದುಕೊಂಡ. ತಾಯಿಯಂತೂ ಎಲೆ ಅಡಿಕೆ ಕುಟ್ಟುವುದರಲ್ಲೇ ಮುಳುಗಿರುವಳು. ನಾಯಿ ಇದೆಯೋ ಸತ್ತಿದೆಯೋ ಅವಳಿಗೆ ತಿಳಿದಂತಿರಲಿಲ್ಲ. ಗಾಣಿಗ ಒಬ್ಬೊಬ್ಬರ ಜೊತೆಯೂ ಮಾತು ಬಿಟ್ಟ. ಅವರೂ ಗಂಟುಮುಖ ಹಾಕಿದರು. ಬಡಿಸಿದವಳು ಬಡಿಸಿದಳು, ಉಂಡವರು ಉಂಡರು. ಆ ಮನೆಯಲ್ಲಿ ದಿನವಿಡೀ ಮಾತಾಡುತ್ತಿದ್ದುದು ಗಾಣವೊಂದೇ.

ಆಷಾಢಕ್ಕೆ ನಾಲ್ಕು ದಿನ ಉಳಿದಾಗ ಕೆಂಚ ಮಲಗಿದಲ್ಲಿಂದ ಏಳಲಿಲ್ಲ. ಕರೆದರೆ ಬಾಲದ ತುದಿ ಮಾತ್ರ ಅಲ್ಲಾಡಿತು. ಮಗಳು ಬಂದು ಬಾಗಿಲಲ್ಲಿ ನಿಂತು, "ಅಪ್ಪಾ, ಕೆಂಚ ಎಲ್ಲಿ?" ಎಂದು ಕೇಳುವುದು ಗಾಣಿಗನ ಕಣ್ಣ ಮುಂದೆ ಬಂತು. ಅದೇ ಹೊತ್ತಿಗೆ ಬೀದಿಯಲ್ಲಿ ಮಂದೆ ಹೊಡೆದುಕೊಂಡು ಒಬ್ಬ ಮುದಿ ಕುರುಬ ಹೋಗುತ್ತಿದ್ದ. ಕುರಿ ಕಾಯುವ ನಾಯಿಗಳನ್ನು ಸಾಕಿ ಸಾಕಿ ಅವುಗಳ ಕಾಯಿಲೆ ಕಸಾಲೆ ಬಲ್ಲವನು. ಗಾಣಿಗ ಓಡಿಹೋಗಿ ಅವನ ಕೈ ಹಿಡಿದು ಒಳಕ್ಕೆ ಕರೆತಂದ.

ಕುರುಬ ಕುಕ್ಕರುಗಾಲಿನಲ್ಲಿ ಕೂತು ನಾಯಿಯ ಕಣ್ಣು ನೋಡಿದ, ವಸಡು ನೋಡಿದ, ಹೊಟ್ಟೆ ಒತ್ತಿದ. ಬೆನ್ನ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಹಿಂಡಿದ. ಎಣ್ಣೆ ತೊಟ್ಟಿಕ್ಕಿತು.

"ಶೆಟ್ಟರೇ, ಇದನ್ನ ನಿಮ್ಮ ಗಾಣಕ್ಕೆ ಹಾಕಿದರೆ ಒಂದು ಪಾವು ಬರ್ತದೆ. ಯಾರು ಇಷ್ಟು ಬಳಿದೋರು?"

"ನಾನೇ. ಈ ಮನೆಯಲ್ಲಿ ನನ್ನನ್ನ ಬಿಟ್ಟರೆ ಇದರ ಮೈ ಮುಟ್ಟೋರು ಇನ್ನು ಯಾರಿದ್ದಾರೆ?" ಎಂದ ಗಾಣಿಗ. ಅಷ್ಟು ದಿನ ಕಟ್ಟಿಟ್ಟಿದ್ದ ಮಾತು, ಎಲ್ಲರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ.

ಅಡುಗೆಮನೆ ಬಾಗಿಲಿಗೆ ಹೆಂಡತಿ ಬಂದಳು. "ಏನಂದ್ರಿ? ದಿನಾ ದೀಪ ಹಚ್ಚೋ ಮುಂಚೆ ಅದಕ್ಕೆ ಎಣ್ಣೆ ಸವರೋಳು ನಾನು. ಅನ್ನಕ್ಕೂ ಒಂದು ಚಮಚ ಬಿಡ್ತೀನಿ. ಆ ಮೈಯಲ್ಲಿ ಒಲೆ ಹತ್ರ ಬಂದರೆ ಕಿಡಿ ಹಾರೀತು ಅಂತ ಗದರಿಸಿ ಆಚೆ ಕಳಿಸ್ತೀನಿ. ನನ್ನ ಮಗಳು ಹೊರಡೋವಾಗ ನನ್ನ ಕೈ ಹಿಡಿದು ಹೇಳಿ ಹೋಗಿದ್ದಾಳೆ."

"ಅತ್ತಿಗೆ, ಅವಳು ಹೇಳಿ ಹೋಗಿದ್ದು ನನಗೆ" ಎಂದ ಗಾಣದ ಹತ್ತಿರ ನಿಂತ ತಮ್ಮ. "ಮಧ್ಯಾಹ್ನ ಗಾಣ ನಿಂತ ಕೂಡಲೆ ಹಚ್ಚಿ, ಆಮೇಲೆ ಕೂತು ಬೀಡಿ ಸೇದೋನು ನಾನು. ನೀವು ಗಂಡ ಹೆಂಡತಿ ಅದರ ಕಡೆ ತಿರುಗಿಯೂ ನೋಡಲ್ಲ ಅಂತ ಅಂದ್ಕೊಂಡಿದ್ದೆ."

ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುವ ಸದ್ದು ನಿಂತಿತು. "ನನ್ನ ಕೈಲಿ ಬಗ್ಗೋಕ್ಕಾಗಲ್ಲ ಅಂತ ಅದೇ ಬಂದು ನನ್ನ ಕಾಲ ಹತ್ರ ಮಲಗ್ತದಲ್ಲಪ್ಪ" ಎಂದಳು ಮುದುಕಿ. "ಪಾಪ, ಯಾರೂ ದಿಕ್ಕಿಲ್ಲ ಇದಕ್ಕೆ ಅಂತ ನಾನೇ ಎರಡು ಸಲ ಹಚ್ತೀನಿ."

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಕುರುಬ ಹೆಗಲ ಮೇಲಿನ ಕಂಬಳಿ ಕುಣಿಯುವ ಹಾಗೆ ನಕ್ಕ. "ಹಚ್ಚೋದು ನಾಲ್ಕು ಜನದ ಕೈ, ನೆಕ್ಕೋದು ಒಂದೇ ನಾಲಿಗೆ. ಮೈಗೆ ಅಂತ ಹಚ್ಚಿದ್ದೆಲ್ಲ ಅದರ ಹೊಟ್ಟೆಗೆ ಹೋಗಿದೆ. ಹೊಟ್ಟೆ ಕೆಡದೆ ಇನ್ನೇನಾದೀತು? ಬೇರೆ ಯಾವ ರೋಗವೂ ಇದಕ್ಕಿಲ್ಲ. ಹೆದರಬೇಡಿ ಶೆಟ್ಟರೇ, ಜೀವಕ್ಕೆ ಮೋಸವಿಲ್ಲ" ಎಂದ.

ಆ ಮಾತು ಕಿವಿಗೆ ಬಿದ್ದದ್ದೇ ಗಾಣಿಗನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ನೆಲಕ್ಕೆ ಕೂತು ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಲ್ಲರ ಎದುರಿಗೇ ಅತ್ತ. ನಾಯಿ ಉಳಿಯಿತು ಎಂದು ಅತ್ತ. ಇಷ್ಟು ದಿನ ಕಲ್ಲುಗಳ ನಡುವೆ ಬದುಕುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಅದು ಸುಳ್ಳಾಯಿತಲ್ಲ ಎಂದೂ ಅತ್ತ. ಹೆಂಡತಿ ಸೆರಗಿನಿಂದ ಅವನ ಮುಖ ಒರೆಸಿದಳು. ಆ ಸೆರಗೂ ಜಿಡ್ಡೇ.

ಕುರುಬ ಹೇಳಿದಂತೆ ಬೆಚ್ಚಗಿನ ನೀರಿಗೆ ಕಡಲೆ ಹಿಟ್ಟು ಕಲಸಿ ನಾಲ್ವರೂ ಸೇರಿ ನಾಯಿಯನ್ನು ಮೀಯಿಸಿದರು. ಎಣ್ಣೆ ಪೂರ್ತಿ ನಿಲ್ಲಿಸಿದರು. ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ಮಾರನೆಯ ದಿನ ತೆಳ್ಳಗಿನ ಗಂಜಿ ಇಟ್ಟರು. ಮೂರನೆಯ ಬೆಳಿಗ್ಗೆ ಕೆಂಚ ಎದ್ದು ನಿಂತು, ಗಂಜಿಯ ಬಟ್ಟಲು ನೆಕ್ಕಿ, ಇನ್ನೂ ಬೇಕು ಎಂದು ಅಜ್ಜಿಯ ಊರುಗೋಲನ್ನು ಕಚ್ಚಿ ಎಳೆಯಿತು. ಮುದುಕಿ ಬೈಯುತ್ತ ಬೈಯುತ್ತ ನಕ್ಕಳು.

ಆಷಾಢಕ್ಕೆ ಮಗಳು ಬಂದಳು. ಬಡಕಲಾಗಿದ್ದರೂ ನಾಯಿ ಬೀದಿಯ ತಿರುವಿಗೇ ಓಡಿಹೋಗಿ ಅವಳ ಮೇಲೆ ಹಾರಿತು. ನಡೆದದ್ದನ್ನೆಲ್ಲ ಕೇಳಿ ಅವಳು ಒಂದು ಕಣ್ಣಲ್ಲಿ ಅತ್ತಳು, ಒಂದು ಕಣ್ಣಲ್ಲಿ ನಕ್ಕಳು. "ಒಬ್ಬರು ಮರೆತರೂ ಇನ್ನೊಬ್ಬರು ನೋಡ್ಕೋತೀರಿ ಅಂತ ನಾಲ್ಕು ಜನಕ್ಕೂ ಬೇರೆ ಬೇರೆ ಹೇಳಿ ಹೋಗಿದ್ದೆ. ನಾಲ್ವರೂ ಮರೆಯಲ್ಲ ಅಂತ ನನಗೇನು ಗೊತ್ತು?" ಎಂದಳು.

ಆಮೇಲೆ ಗಾಣದ ಪಕ್ಕದ ಗೂಡಿನಲ್ಲಿ ಅವಳೇ ಒಂದು ಪುಟ್ಟ ಕರಟ ಇಟ್ಟಳು. ಬೆಳಿಗ್ಗೆ ಅದಕ್ಕೆ ನಾಲ್ಕೇ ತೊಟ್ಟು ಎಣ್ಣೆ. ಯಾರಿಗೆ ಬಿಡುವೋ ಅವರು ನಾಯಿಗೆ ಸವರಿ, ಬಟ್ಟೆಯಲ್ಲಿ ಒರೆಸಿ, ಕರಟವನ್ನು ಬೋರಲು ಹಾಕಬೇಕು. ಬೋರಲು ಬಿದ್ದ ಕರಟ ಕಂಡರೆ ಇವತ್ತಿನದು ಆಯಿತು ಎಂದು ಅರ್ಥ. ಗಾಣಿಗ ದಿನಕ್ಕೆ ಹತ್ತು ಸಲ ಆ ಕಡೆ ನೋಡುವನು. ತಾನು ಹಚ್ಚದ ದಿನವೂ ಅದು ಬೋರಲು ಬಿದ್ದಿರುವುದನ್ನು ಕಂಡು ಅವನಿಗೆ ಎದೆ ಹಗುರವಾಗುತ್ತಿತ್ತು. ಶ್ರಾವಣ ಕಳೆಯುವಷ್ಟರಲ್ಲಿ ಕೆಂಚನ ಬೆನ್ನ ಮೇಲೆ ಹೊಸ ಕೂದಲು ಬಂತು.

ಗುರುಗಳು ಕತೆ ಮುಗಿಸಿದರು. ಗುರುಪಾದ, "ತಿಳಿಯಿತು ಬುದ್ಧಿ. ಅತಿಯಾದರೆ ಅಮೃತವೂ ವಿಷ" ಎಂದ.

"ಅದು ನಾಯಿಯ ಪಾಲಿನ ಪಾಠ. ನೀನು ನಾಯಿಯಲ್ಲವಲ್ಲ" ಎಂದು ಗುರುಗಳು ಅವನು ತಂದ ಕಷಾಯವನ್ನು ಮೆಲ್ಲಗೆ ಅವನ ಕಡೆಗೇ ಸರಿಸಿ, ಕಿಟಕಿಯತ್ತ ಕೈ ತೋರಿಸಿದರು.

ಗುರುಪಾದ ತಿರುಗಿ ನೋಡಿದ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಾಲ್ಕು ಲೋಟಗಳು ಬೋರಲು ಬಿದ್ದಿದ್ದವು. ನಾಲ್ಕರ ಬಾಯಿಂದಲೂ ಶುಂಠಿ ಮೆಣಸಿನ ವಾಸನೆ ಬರುತ್ತಿತ್ತು. ಹೊರಗೆ ಅಂಗಳದಲ್ಲಿ ಉಳಿದ ಶಿಷ್ಯರು ತಲೆ ತಗ್ಗಿಸಿ ಹೂ ಕಟ್ಟುತ್ತಲೇ ಇದ್ದರು.

"ಬೆಳಗಿನಿಂದ ಆ ಒಂದೊಂದು ಲೋಟದ ಜೊತೆಗೂ ನಿನ್ನ ಈ ಪ್ರಶ್ನೆಯೇ ಬಂದಿತ್ತಪ್ಪ" ಎಂದರು ಗುರುಗಳು.