ಹತ್ತು ಚೀಟಿಯ ವೈದ್ಯ

ಕಾಡಿನ ಪ್ರಾಣಿಗಳೆಲ್ಲ ತಮ್ಮ ತುತ್ತಿನಲ್ಲಿ ಪಾಲು ಕೊಟ್ಟು ಕೊಕ್ಕರೆ ವೈದ್ಯನನ್ನು ಸಾಕುತ್ತಿದ್ದವು. ಒಂದು ದಿನ ಗೊರಸಿಗೆ ಮುಳ್ಳು ಹೊಕ್ಕ ಮುದಿ ಎಮ್ಮೆ ಕುಂಟುತ್ತ ವೈದ್ಯನ ಬಾಗಿಲಿಗೆ ಬರುವಷ್ಟರಲ್ಲಿ ಬಿಸಿಲೇರಿತ್ತು.

“ದಿನಕ್ಕೆ ಹತ್ತೇ ಚೀಟಿ, ಮೊದಲು ಬಂದವರಿಗೆ. ಮುಗಿದುಹೋಯಿತು. ನಾಳೆ ಬೇಗ ಬಾರಮ್ಮ,” ಎಂದಿತು ಬಾಗಿಲು ಕಾಯುತ್ತಿದ್ದ ಓತಿಕ್ಯಾತ.

“ಬೇಗ ಬರುವ ಕಾಲಿದ್ದರೆ ಇಲ್ಲಿಗೆ ಯಾಕಪ್ಪ ಬರುತ್ತಿದ್ದೆ? ನಾಳೆಯವರೆಗೆ ಇಲ್ಲೇ ಬಿದ್ದಿರುತ್ತೇನೆ.”

“ನಿಜ, ನಿಜ,” ಎಂದು ಓತಿಕ್ಯಾತ ತಲೆಯಾಡಿಸಿತು. “ಆದರೆ ಬಾಗಿಲ ಮುಂದೆ ಯಾರೂ ಬೀಳುವ ಹಾಗಿಲ್ಲ.”

ಮರುದಿನ ಎಮ್ಮೆ ಇನ್ನೂ ಮುಂಚೆ ಹೊರಟಿತು. ಆದರೆ ಕಾಲು ಇನ್ನಷ್ಟು ಊದಿತ್ತು. ಮೈ ತುರಿಕೆಯ ಜಿಂಕೆ, ನೆಗಡಿಯ ಮೊಲ ಅದನ್ನು ದಾಟಿ ಓಡಿ ಚೀಟಿ ಹಿಡಿದವು. ಮೂರನೆಯ ದಿನವೂ ಅದೇ ಪಾಡು. ನಾಲ್ಕನೆಯ ದಿನ ಕೊಳೆತ ಕಾಲು ಎಮ್ಮೆಯನ್ನು ಹೊರಲಿಲ್ಲ. ವೈದ್ಯನ ಬಾಗಿಲಿನ ಕೂಗಳತೆಯಲ್ಲಿ ಅದು ಕುಸಿದು ಬಿತ್ತು.

ಸಂಜೆ ಕೊಕ್ಕರೆ ಹೊರಬಂದು ಕೊಕ್ಕು ಒರೆಸಿಕೊಂಡಿತು. “ನಮ್ಮದು ಪುಣ್ಯದ ಕಾಡು ಕಣಯ್ಯ. ಇಷ್ಟು ವರ್ಷದಲ್ಲಿ ಒಂದು ಕುಂಟು ಪ್ರಾಣಿಯೂ ನನ್ನ ಹತ್ತಿರ ಬಂದಿಲ್ಲ.”

ಎಮ್ಮೆಯ ಕಿವಿಗೆ ಕೊನೆಯದಾಗಿ ಬಿದ್ದದ್ದು ಓತಿಕ್ಯಾತನ ಉತ್ತರ: “ನಿಜ, ನಿಜ.”