ಸುಗ್ಗಿ ಹಬ್ಬದ ಹುಂಜ

ನಮ್ಮ ಪಕ್ಕದ್ಮನೆ ಸಮಾಧಾನಪ್ಪ ಚರ್ಚಲ್ಲಿ ದೊಡ್ಡ ಮನುಷ್ಯ. ಮುಂದಿನ ಬೆಂಚು ಬಿಟ್ಟು ಕೂತವನಲ್ಲ. ಸುಗ್ಗಿ ಹಬ್ಬಕ್ಕೆ ನಾವೆಲ್ಲ ಬೆಳೆದಿದ್ದು, ಸಾಕಿದ್ದು ತಂದು ದೇವ್ರ ಮುಂದೆ ಇಡ್ತೀವಲ್ಲ, ಇವನು ಎಲ್ಲಾರಿಗಿಂತ ದಪ್ಪ ಹುಂಜ ಹಿಡ್ಕೊಂಡು ಬರೋನು. ಜನ ಅಬ್ಬಬ್ಬಾ ಅನ್ನೋರು. ಆರಾಧನೆ ಮುಗಿದ್ಮೇಲೆ ಅಂಗಳದಲ್ಲಿ ಎಲ್ಲಾನೂ ಹರಾಜು ಹಾಕ್ತಾರೆ. ಆಗ ಇವನೇ ಎದ್ದು "ಐವತ್ತು ರೂಪಾಯಿ" ಅಂತ ಕೂಗಿ, ಮೀಸೆ ತಿರುವಿ ಸುತ್ತ ನೋಡೋನು. ಹಿರಿಯರ ಮೇಲೆ ಯಾರು ಕೂಗ್ತಾರೆ? ಹುಂಜ ಅವನ ಮನೆಗೇ ವಾಪಸ್. ಮಧ್ಯಾಹ್ನ ಸಾರಿನ ಘಮ ನಮ್ಮ ಕಿಟಕಿಗೆ. ದೇವ್ರಿಗೆ ಬರೀ ಮುಖ ತೋರ್ಸಿದ್ದು!

ಹೋದ ಸುಗ್ಗಿಗೆ, ಚರ್ಚ್ ಗುಡಿಸೋ ಮುದುಕಿ ರಾಹೇಲಮ್ಮನ ಮನೆ ಶೀಟು ಗಾಳಿಗೆ ಹಾರೋಗಿತ್ತು. ಹರಾಜಿನ ದುಡ್ಡಲ್ಲಿ ಅವಳಿಗೆ ಸೂರು ಹಾಕ್ಸೋಣ ಅಂದ್ರು ನಮ್ಮ ಪಾದ್ರಿ ಅಯ್ನೋರು. ಸಮಾಧಾನಪ್ಪನ ಮನೆಗೆ ಅವತ್ತು ಅಳಿಯ ಬರೋನಿದ್ದ. ಮಸಾಲೆ ರುಬ್ಬಿಟ್ಟೇ ಬಂದಿದ್ರು!

ಹರಾಜು ಕೂಗೋ ಟೈಲರ್ ಜಯಶೀಲ ಹುಂಜ ಎತ್ತಿದ. "ಐವತ್ತು" ಅಂದ ಸಮಾಧಾನಪ್ಪ.

"ನೂರು!"

ಎಲ್ರೂ ತಿರುಗಿದ್ವಿ. ನಮ್ಮ ಎದುರು ಮನೆಗೆ ಬೇರೆ ಊರಿಂದ ಮೊನ್ನೆ ಮೊನ್ನೆ ಬಂದ ಹೊಸ ಸೊಸೆ ಶೀಬಾ. ಅವಳತ್ತೆ ಸೊಂಟ ಚಿವುಟಿದ್ಲು. "ಯಾಕತ್ತೆ?" ಅಂದ್ಲು ಜೋರಾಗಿ.

"ಏ ಹುಡ್ಗಿ, ಅದು ನನ್ ಹುಂಜ ಕಣಮ್ಮ."

"ಅಯ್ಯೋ, ದೇವ್ರಿಗೆ ಕೊಟ್ಟಿಲ್ವಾ ಮಾವ? ಕೊಟ್ಟಿದೀರ ಅನ್ಕೊಂಡೆ."

ಅಯ್ನೋರು ಕೆಮ್ಮಿದ್ರು. ನಾನು ಸೆರಗು ಬಾಯಿಗೆ ತುರುಕ್ಕೊಂಡೆ.

ಹುಂಜ ಶೀಬಾಗೇ ಆಯ್ತು. "ನಮ್ಮೂರಲ್ಲಿ ಗೆದ್ದಿದ್ದನ್ನ ದುಡ್ಡು ಕೊಟ್ಟು ಮತ್ತೆ ದೇವ್ರಿಗೇ ಬಿಡ್ತೀವಿ. ಇನ್ನೊಂದ್ಸಾರಿ ಕೂಗಣ್ಣ" ಅಂದ್ಲು. ಜನಕ್ಕೆ ಹುಚ್ಚು ಹಿಡೀತು ನೋಡಿ! ಮೇಷ್ಟ್ರು ಗೆದ್ರು, ವಾಪಸ್ ಕೊಟ್ರು. ನಾನೂ ಕೂಗ್ದೆ. ಸೊಪ್ಪು ಮಾರಿದ ದುಡ್ಡೆಲ್ಲ ಹೋಯ್ತು, ಹೋಗ್ಲಿ! ಹುಂಜ ಕೈಯಿಂದ ಕೈಗೆ ಹೋಗಿ ಹೋಗಿ ಕೊಕ್ಕೊಕ್ಕೋ ಅಂತಿತ್ತು. ಆಮೇಲೆ ಎದ್ದಿದ್ದು ಯಾರು ಗೊತ್ತಾ? ಸಮಾಧಾನಪ್ಪನ ಹೆಂಡ್ತಿ ಎಸ್ತೇರಮ್ಮ!

"ನಂದು ಐನೂರು!"

"ಲೇ, ನಿಂಗೇನಾಯ್ತೇ?" ಅಂದ ಗಂಡ.

"ಸುಮ್ನಿರ್ರೀ. ಇಷ್ಟ್ ವರ್ಷ ನೀವು ಕೊಟ್ಟಂಗೆ ಮಾಡಿದ್ರಿ. ನಾನು ಒಂದ್ಸಾರಿ ನಿಜವಾಗ್ಲೂ ಕೊಡ್ತೀನಿ."

ಇವತ್ತು ಗಂಡ ಹೆಂಡ್ತಿ ಜಗಳ ನೋಡ್ಬಹುದು ಅಂತ ನಾನು ಮುಂದಕ್ಕೆ ಸರಿದೆ. ಸಮಾಧಾನಪ್ಪನ ಮುಖ ಕೆಂಪಾಯ್ತು. ಆಮೇಲೆ ಹೊಟ್ಟೆ ಕುಣಿಯೋಕೆ ಶುರು ಆಯ್ತು. ನಗ್ತಿದಾನೆ!

"ಹೆಂಡ್ತಿ ಮೇಲೇ ಕೂಗ್ಬೇಕಾಯ್ತಲ್ರಪ್ಪಾ! ಲೋ ಜಯಶೀಲ, ಮುದುಕಿ ಸೂರಿಗೆ ಎಷ್ಟು ಕಮ್ಮಿ ಬೀಳುತ್ತೋ ಅಷ್ಟೂ ನಂದು."

ಅಂದೋನೇ ಹುಂಜ ತಗೊಂಡೋಗಿ ರಾಹೇಲಮ್ಮನ ಮಡಿಲಿಗೆ ಹಾಕ್ದ.

"ಅಳಿಯನಿಗೆ?" ಅಂದೆ. ನನ್ ಬಾಯಿ ಸುಮ್ನಿರಲ್ವಲ್ಲ.

"ಅವನಿಗೆ ಬದನೆಕಾಯಿ ಸಾಕು!"

ರಾಹೇಲಮ್ಮ ಹುಂಜದ ಬೆನ್ನು ಸವರ್ತಾ ಅಂದ್ಲು, "ಇದನ್ನ ನಾನು ಕುಯ್ಯಲ್ಲಪ್ಪ. ನನ್ ಹೊಸ ಸೂರಿನ ಮೇಲೆ ನಿಂತು ಕೂಗ್ಲಿ. ಊರಿಗೇ ಕೇಳ್ಲಿ."

ನೀತಿ: ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳೋದು ಕಾಣಿಕೆ ಅಲ್ಲ. ನಮ್ಮತ್ರ ಇರೋದೆಲ್ಲ ದೇವ್ರು ನೋಡ್ಕೋ ಅಂತ ಕೊಟ್ಟಿರೋದು. ಇಲ್ಲದೋರಿಗೆ ಅದನ್ನ ಮನಸಾರೆ ಕೊಟ್ಬಿಡಿ. ಕೊಟ್ಟೋರಿಗೂ ಖುಷಿ, ತಗೊಂಡೋರಿಗೂ ಖುಷಿ.